ಬೆನ್ನಿಗೆ ಫೋನು ಹೇಳಿದ ಸಾವಂತ್ರವ್ವ

ಭಾಳ ಹಿಂದೆ, ತಾಮ್ರದಿನ್ನಿ ಅಂತ ಒಂದೂರು. ಇದೇ ನಮ್ಮ ಊರು. ಎಷ್ಟು ಹಿಂದೆ ಅಂತ ಕೇಳಬೇಡಿ. ಫೋನಿನ ತಂತಿ ಬಂದಿತ್ತು, ಲೈಟಿನ ಕಂಬ ಇನ್ನೂ ಬಂದಿರಲಿಲ್ಲ, ಅಷ್ಟು ಹಿಂದೆ ಅಂತ ಇಟ್ಟುಕೊಳ್ಳಿ. ಹತ್ತಿರ ಬನ್ನಿ, ಆ ಕೂಸನ್ನು ಯಾರಾದರೂ ತೊಡೆ ಮೇಲೆ ಹಾಕಿಕೊಳ್ಳಿ. ಇದು ಅಳಿಸುವ ಕಥೆ, ಮೊದಲೇ ಹೇಳಿದ್ದೇನೆ. ಆಮೇಲೆ ಅಜ್ಜಿ ಅಳಿಸಿದಳು ಅಂತ ನಿಮ್ಮವ್ವನ ಹತ್ತಿರ ದೂರು ಒಯ್ಯಬೇಡಿ.

ಈಗ ನೀವು ಕ್ರಿಕೆಟ್ ಆಡುವ ಬಯಲಿದೆಯಲ್ಲ, ಅಲ್ಲಿ ಆಗ ಕಂಚುಗಾರರ ಓಣಿ ಇತ್ತು. ಹೊತ್ತು ಮೂಡಿದರೆ ಸುತ್ತಿಗೆ, ಹೊತ್ತು ಮುಳುಗುವ ತನಕ ಸುತ್ತಿಗೆ. ಕೊಡ ಬಡಿಯುವವರು, ಹಂಡೆ ಬಡಿಯುವವರು, ತಂಬಿಗೆ ಬಡಿಯುವವರು. ಆ ಸಪ್ಪಳಕ್ಕೆ ಓಣಿಯ ಬೇವಿನ ಮರದಲ್ಲಿ ಕಾಗೆ ಕೂಡುತ್ತಿರಲಿಲ್ಲ ಅಂತಾರೆ. ಮಕ್ಕಳ ಹಾಲುಹಲ್ಲು ಬೀಳುವ ಹೊತ್ತಿಗೆ ಕಿವಿಯೂ ಮುಚ್ಚಿಹೋಗುತ್ತಿತ್ತು ಅಂತಾರೆ. ಓಣಿಗೆ ಓಣಿಯೇ ಕಿವುಡು. ಸುತ್ತಲ ಹಳ್ಳಿಯವರಿಗೆ ಅದೊಂದು ನಗೆ. ತಾಮ್ರದಿನ್ನಿಯವರ ನೆತ್ತಿ ಮೇಲೆ ಸಿಡಿಲು ಬಿದ್ದರೂ ಯಾರೋ ಕೊಡ ಇಳಿಸಿದರು ಅಂತ ಪಕ್ಕಕ್ಕೆ ಸರಿದು ಕೂಡುತ್ತಾರೆ ಅನ್ನುತ್ತಿದ್ದರಂತೆ.

ಆದರೆ ಓಣಿಯವರು ಮಾತಿಲ್ಲದೆ ಇರಲಿಲ್ಲ. ಅವರ ಮಾತೆಲ್ಲ ಬೆನ್ನಿನ ಮೇಲೆ. ಒಬ್ಬರು ತಿರುಗಿ ಬೆನ್ನು ಕೊಡುವುದು, ಇನ್ನೊಬ್ಬರು ಅದರ ಮೇಲೆ ಕೈಯಾಡಿಸುವುದು. ಬೆರಳ ಗೆಣ್ಣಿನಿಂದ ಬಡಿದರೆ ಒಂದು ಮಾತು, ಬೆರಳ ತುದಿಯಿಂದ ಒತ್ತಿದರೆ ಇನ್ನೊಂದು, ಅಂಗೈ ಸವರಿದರೆ ಮತ್ತೊಂದು. ಗಂಡ ಹೆಂಡಿರ ಜಗಳವೂ ಬೆನ್ನಿನ ಮೇಲೆಯೇ. ದಿನವಿಡೀ ತಾಮ್ರದ ಮೈ ಮೇಲೆ ಕೈಯಾಡಿಸುವ ಜನ, ಮನುಷ್ಯರ ಮೈ ಮೇಲೆ ಮಾತಾಡುವುದೇನು ದೊಡ್ಡದು ಅವರಿಗೆ?

ಆ ಓಣಿಗೆ ಫೋನು ಬಂತು. ಮೇಲಿನವರು ಯಾರೋ ಊರಿಗೊಂದು ಫೋನು ಅಂದರಂತೆ, ಯಾರೋ ತಂದು ಕೊನೆಯ ಮನೆ ಈರಣ್ಣನ ಪಡಸಾಲೆಯಲ್ಲಿ ಇಟ್ಟು ಹೋದರಂತೆ. ಅದು ಬಡಕೊಂಡದ್ದೇ ಬಡಕೊಂಡದ್ದು, ಕೇಳುವವರು ಯಾರು? ಈರಣ್ಣ ಅದರ ಮೇಲೆ ಟವೆಲು ಒಣಹಾಕುತ್ತಿದ್ದನಂತೆ. ಸಂತೆಗೆ ಪಾತ್ರೆ ಮಾರಲು ಹೋದ ಗಂಡಸರು, ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳು, ಒಮ್ಮೆ ಹೋದರೆ ತಿರುಗಿ ಬರುವ ತನಕ ಇದ್ದಾರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಅಂಥಾದ್ದರಲ್ಲಿ ಈರಣ್ಣ ಮದುವೆಯಾಗಿ ಬಂದ. ಹುಡುಗಿ ಬೇರೆ ಊರಿನ ಅಕ್ಕಸಾಲಿಗರ ಮನೆ ಮಗಳು, ಹೆಸರು ಸಾವಂತ್ರವ್ವ. ಅಕ್ಕಸಾಲಿಗರ ಮನೆಯಲ್ಲಿ ಸುತ್ತಿಗೆ ಅಂದರೆ ಕಿರುಬೆರಳಷ್ಟು. ಒಂದು ಗುಲಗಂಜಿ ಬಿದ್ದರೂ ಎಲ್ಲಿ ಬಿತ್ತು ಅಂತ ಕೇಳುವ ಕಿವಿ ಅವಳದು ಅಂತಾರೆ. ಹೀಗೆ ಹೊರಗಿನಿಂದ ಬಂದ ಸೊಸೆಯರ ಕಿವಿ ಒಂದೆರಡು ಹಬ್ಬ ಕಳೆಯುವುದರೊಳಗೆ ಹೋಗುತ್ತಿತ್ತು. ಸಾವಂತ್ರವ್ವ ತನ್ನ ಕಿವಿ ಬಿಟ್ಟುಕೊಡಲಿಲ್ಲ. ಜೇನುಮೇಣ ನಾದಿ ಎರಡೂ ಕಿವಿಗೆ ತುಂಬಿಕೊಂಡು, ಕುಲುಮೆಗೆ ಗಾಳಿ ಊದುವ ತಿದಿಯ ಮುಂದೆ ಕೂತಳು. ಕಿವಿ ಮುಚ್ಚಿಕೊಂಡರೆ ಫೋನು ಬಂದದ್ದು ಹೇಗೆ ಗೊತ್ತಾಗಬೇಕು? ಒಂದು ದೊಡ್ಡ ಕೊಡ ಬೋರಲು ಹಾಕಿ, ಅದರ ಮೇಲೆ ಫೋನಿಟ್ಟು, ಪಕ್ಕದಲ್ಲಿ ಕೊಡಕ್ಕೆ ತಾಗುವ ಹಾಗೆ ಒಂದು ತಾಮ್ರದ ಗಂಗಾಳ, ಅದೇ ಊಟದ ತಟ್ಟೆ, ಇಟ್ಟು, ಗಂಗಾಳದಲ್ಲಿ ಒಂದು ಹಿಡಿ ಕಡಲೆ ಹಾಕಿದಳು. ಫೋನು ಬಂದರೆ ಕೊಡ ನಡುಗುವುದು, ಗಂಗಾಳದಲ್ಲಿ ಕಡಲೆ ಕುಣಿಯುವುದು. ಕಡಲೆ ಕುಣಿದದ್ದು ಕಂಡವರು ಓಡಿಹೋಗಿ ಸಾವಂತ್ರವ್ವನ ಸೆರಗು ಎಳೆಯುವರು. ಅವಳು ಬಂದು ಮೇಣ ತೆಗೆದು ಫೋನು ಹಿಡಿಯುವಳು. ಯಾರಿಗೆ ಬಂದಿದೆಯೋ ಅವರು ಅವಳ ಮುಂದೆ ಬೆನ್ನು ಕೊಟ್ಟು ಕೂಡುವರು.

ಆ ಕಡೆಯಿಂದ ಮಾತಾಡುವವರೂ ಓಣಿಯ ಕಿವುಡರೇ ಆದರೆ? ಅದಕ್ಕೂ ಒಂದು ದಾರಿ ಮಾಡಿದಳು ಅಂತಾರೆ. ಫೋನನ್ನು ಕಿವಿಗಿಡಬೇಡಿ, ಹಲ್ಲಿನಲ್ಲಿ ಕಚ್ಚಿಕೊಳ್ಳಿ ಅಂತ ಕಲಿಸಿದಳು. ಅವರು ತಮ್ಮ ದಪ್ಪ ನಾಲಿಗೆಯಲ್ಲಿ ಹೇಳುವುದನ್ನು ಹೇಳಿ ಫೋನು ಕಚ್ಚಿಕೊಂಡು ನಿಲ್ಲುವರು. ಇವಳು ಈ ಕಡೆಯಿಂದ ಬೆರಳ ಉಂಗುರದಿಂದ ಫೋನಿಗೆ ಬಡಿಯುವಳು. ಒಂದು ಸಲ ಬಡಿದರೆ ಕೇಳಿಸಿತು ಅಂತ. ಎರಡು ಸಲ ಬಡಿದರೆ ಹೇಳುತ್ತೇನೆ ಅಂತ. ಆ ಬಡಿತ ಹಲ್ಲಿಗೆ ಬಂದು ಮುಟ್ಟಿದರೆ ಅವರಿಗೆ ಮನೆಗೇ ಬಂದಷ್ಟು ಸಮಾಧಾನ. ಸಾವಂತ್ರವ್ವನ ಉಂಗುರ ಬಡಿದ ಮೇಲೆ ಮಾತು ಮುಟ್ಟಿತು ಅಂತಲೇ ಲೆಕ್ಕ. ಅದು ಎಂದೂ ಸುಳ್ಳಾಗಿರಲಿಲ್ಲ.

ಬಂದ ಮಾತಿಗೆ ತನ್ನದೊಂದು ಸೇರಿಸುತ್ತಿರಲಿಲ್ಲ, ಅದರಿಂದ ಒಂದು ತೆಗೆಯುತ್ತಿರಲಿಲ್ಲ. ಬೈಗುಳ ಬಂದರೆ ಬೈಗುಳವನ್ನೂ ಹೇಳುವಳು. ಒಮ್ಮೆ ಹಂಡೆ ಬಸಲಿಂಗಪ್ಪನಿಗೆ ಅವನ ಬೀಗ ಫೋನು ಮಾಡಿ, ನಿನ್ನ ಹಂಡೆ ಸೋರುತ್ತದಲ್ಲೋ ಮುದಿ ಕತ್ತೆ, ಬೀಗರ ಮರ್ಯಾದೆ ಬೀದಿಯಲ್ಲಿ ಹರಿಯಿತಲ್ಲೋ ಅಂತ ಬೈದನಂತೆ. ಸಾವಂತ್ರವ್ವ ಅಷ್ಟನ್ನೂ ಗೆಣ್ಣಿನಿಂದ ಅಷ್ಟೇ ಜೋರಾಗಿ ಬಸಲಿಂಗಪ್ಪನ ಬೆನ್ನಿಗೆ ಇಳಿಸಿದಳು. ಅವನು ಕೆರಳಿ ತಿರುಗಿ ಅವಳಿಗೇ ಕೈಯೆತ್ತಿದ. ಆಮೇಲೆ ನೆನಪಾಗಿ, “ತಪ್ಪಾತವ್ವಾ, ನಾ ನಮ್ಮ ಬೀಗನೇ ಬಂದಾನ ಅನ್ಕೊಂಡ್ನಿ” ಅಂದನಂತೆ. ಓಣಿ ಬಿದ್ದು ಬಿದ್ದು ನಕ್ಕಿತಂತೆ. ಆ ಓಣಿ ಹಾಗೆ ನಕ್ಕದ್ದು ಅದೇ ಕೊನೆ ಅಂತಾರೆ.

ಈಗ ಮಾನಪ್ಪನ ಸಂಗತಿ ಹೇಳುತ್ತೇನೆ ಕೇಳಿ. ಮಾನಪ್ಪ ತಂಬಿಗೆ ಬಡಿಯುವವನು. ಹೆಂಡತಿ ಇಲ್ಲ, ಇದ್ದವಳು ಒಬ್ಬಳೇ ಮಗಳು, ಬನವ್ವ. ಅವಳನ್ನು ದೂರದ ಊರಿಗೆ ಕೊಟ್ಟ. ಕಿವಿ ಕೇಳದ ಹುಡುಗಿ ಅಂತ ಗೊತ್ತಿದ್ದೂ ಅವರು ಹೂಂ ಅಂದರಲ್ಲ, ಅದೇ ಸಂತೋಷಕ್ಕೆ ಇವನು ಮುಂದೆ ಏನೂ ವಿಚಾರಿಸಲಿಲ್ಲ. ಆ ಮನೆಯಲ್ಲಿ ಅವಳಿಗೆ ಬೆನ್ನು ಕೊಡುವವರು ಒಬ್ಬರೂ ಇರಲಿಲ್ಲ. ಅವಳ ಬೆನ್ನಿಗೆ ಬಿದ್ದದ್ದು ಬರೀ ಏಟು. ಆದರೂ ಫೋನು ಬಂದಾಗೆಲ್ಲ ಚೆನ್ನಾಗಿದ್ದೇನೆ ಅಪ್ಪ ಅಂತಲೇ ಹೇಳುವಳು. ಸಾವಂತ್ರವ್ವ ಅದನ್ನೇ ಮಾನಪ್ಪನ ಬೆನ್ನಿಗೆ ಹೇಳುವಳು. ದನಿಯ ಒಳಗಿನ ನಡುಕ ಬೆನ್ನಿಗೆ ಹೇಳುವುದಕ್ಕೆ ಬರುತ್ತಿರಲಿಲ್ಲ.

ಹೀಗಿರುವಾಗ ಸಾವಂತ್ರವ್ವನ ಗಂಡ ಈರಣ್ಣ ತೀರಿಹೋದ. ಜ್ವರ ಅಂದರು, ಹೋಗಿಬಿಟ್ಟ. ಮಕ್ಕಳಿಲ್ಲ, ಮರಿಯಿಲ್ಲ. ಮನೆಯಲ್ಲಿ ಅವಳೊಬ್ಬಳೇ.

ಓಣಿಯಲ್ಲಿ ಒಂದು ಕಟ್ಟು ಇತ್ತು. ಹೊಸದಾಗಿ ಗಂಡನನ್ನು ಕಳಕೊಂಡವಳ ಕೈ, ಹನ್ನೊಂದನೇ ದಿನ ಅವಳ ತಲೆಗೆ ನೀರು ಹಾಕುವ ತನಕ ಯಾರ ಬೆನ್ನಿಗೂ ತಾಗಬಾರದು. ತಾಗಿದರೆ ಆ ಕೈಯಿಂದ ಸತ್ತವನು ಮಾತಾಡುತ್ತಾನೆ, ಬಾ ಅಂತ ಕರೆಯುತ್ತಾನೆ ಅಂತ ಹೆದರಿಕೆ. ಅವಳ ಮುಖವನ್ನೂ ನೋಡಬಾರದು. ಎದುರಾದರೆ ತಲೆ ತಗ್ಗಿಸಬೇಕು, ಕಣ್ಣು ಮುಚ್ಚಬೇಕು. ಅಷ್ಟು ದಿನವೂ ಓಣಿಯಲ್ಲಿ ಸುತ್ತಿಗೆ ಎತ್ತುವಂತಿಲ್ಲ.

ಅಂಥ ದಿನದಲ್ಲಿ, ಒಂದು ಬೆಳಿಗ್ಗೆ ಗಂಗಾಳದಲ್ಲಿ ಕಡಲೆ ಕುಣಿಯಿತು. ಸಾವಂತ್ರವ್ವ ಎದ್ದು ಫೋನು ತೆಗೆದಳು. ಆ ಕಡೆ ಬನವ್ವ. ಅಪ್ಪಗ ಹೇಳು ಯವ್ವಾ, ನಾಳೆ ಸಂತಿ, ಇವರೆಲ್ಲ ಸಂತಿಗೆ ಹೋಗತಾರ, ನಾ ಕೂಡುರಸ್ತೆಯೊಳಗ ಬಂದು ಕುಂತಿರತೀನಿ, ಅಪ್ಪ ಬಂದು ಕರಕೊಂಡು ಹೋಗಲಿ, ನಾಳೆ ಬರಲಿಲ್ಲಂದ್ರ ಇವರು ನನ್ನ ಉಳಸಂಗಿಲ್ಲ ಅಂದಳು. ಹೇಳಿ, ಫೋನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಳು.

ಸಾವಂತ್ರವ್ವ ಏನು ಮಾಡಬೇಕಿತ್ತು ಹೇಳಿ? ಕೇಳಿಸಿತು ಅಂತ ಒಂದು ಸಲ ಬಡಿದಳು. ಹೇಳುತ್ತೇನೆ ಅಂತ ಎರಡು ಸಲ ಬಡಿದಳು. ಬನವ್ವ ಫೋನಿಟ್ಟಳು.

ಬಡಿದ ಮೇಲೆ ಸಾವಂತ್ರವ್ವ ಹೊಸ್ತಿಲು ದಾಟಿ ಓಡಿದಳು. ಮಾನಪ್ಪ ತನ್ನ ಅಂಗಳದಲ್ಲಿ ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದ. ಇವಳು ಬಂದದ್ದು ಕಂಡು ಎದ್ದು ನಿಂತ, ಕೈ ಮುಗಿದ, ಕಣ್ಣು ಮುಚ್ಚಿದ. ಇವಳು ಕೂಗಿದಳು. ಯಾರಿಗೆ ಕೇಳಬೇಕು? ಬರೆದು ತೋರಿಸೋಣ ಅಂದರೆ ಅವಳಿಗೂ ಅಕ್ಷರ ಬಾರದು, ಅವರಿಗೂ ಬಾರದು. ಸೆರಗು ಕಿತ್ತು ತುಟಿ ತೋರಿಸಿದಳು. ಓಣಿಯವರೆಲ್ಲ ಅಯ್ಯೋ ಅಂತ ಮುಖ ತಿರುಗಿಸಿದರು. ಅವನ ಬೆನ್ನಿಗೆ ಹೇಳಬೇಕಾದ ಮಾತನ್ನು ತನ್ನ ಎದೆಯ ಮೇಲೇ ಹೇಳತೊಡಗಿದಳು, ಗೆಣ್ಣಿನಿಂದ, ಅಂಗೈಯಿಂದ, ಬೆರಳಿನಿಂದ. ಓರೆಗಣ್ಣಿನಲ್ಲಿ ಕಂಡ ಹೆಂಗಸರು, ಪಾಪ, ಗಂಡನಿಗಾಗಿ ಎದೆ ಬಡಕೊಳ್ಳುತ್ತಾಳೆ ಅಂತ ತಾವೂ ಅತ್ತರು. “ತಡ್ಕೊ ನನ್ನವ್ವಾ,” ಅಂದನಂತೆ ಮಾನಪ್ಪ ಕಣ್ಣು ಬಿಡದೆಯೇ, “ಈರಣ್ಣ ಬಂಗಾರದಂಥಾವ ಇದ್ದ.”

ಅವಳು ಕಟ್ಟು ಮುರಿದು ಅವನ ಮೈ ಮೇಲೇ ಬಿದ್ದಳು ಅಂತಾರೆ. ಅವನು ಕೊಸರಿಕೊಂಡು ಒಳಗೆ ಹೋಗಿ ಅಗಣಿ ಹಾಕಿದ. ಅವಳು ಬಾಗಿಲಿಗೆ ಹೇಳಿದಳು. ಕೈ ಒಡೆಯುವ ತನಕ ಹೇಳಿದಳು. ದಪ್ಪ ತೇಗದ ಬಾಗಿಲು ಅದು. ಗೆಣ್ಣು ಯಾವುದು, ಅಂಗೈ ಯಾವುದು, ಅದರೊಳಗೆ ಎಲ್ಲ ಒಂದೇ. ಮಾನಪ್ಪ ಒಳಗಿನಿಂದ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದ. ಬಾಗಿಲು ನಡುಗುವುದು ಅವನಿಗೆ ಗೊತ್ತಾಗುತ್ತಿತ್ತು. ಎಂಥ ದುಃಖ ಈ ಹೆಣ್ಣಿಗೆ ಅಂತ, ಅದು ನಿಲ್ಲುವ ತನಕ ಅವನೂ ಅಳುತ್ತಾ ಅಲ್ಲೇ ಕೈ ಇಟ್ಟುಕೊಂಡು ನಿಂತಿದ್ದನಂತೆ.

ಆಮೇಲೆ ಅವಳು ತಾನೇ ಹೊರಟಳು. ಮುಸುಕು ಹಾಕಿದ ಹೊಸ ವಿಧವೆಯನ್ನು ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ನಡೆದಳು. ಮಾರನೇ ದಿನ ಅವಳು ಕೂಡುರಸ್ತೆ ಮುಟ್ಟುವ ಹೊತ್ತಿಗೆ ಸಂತೆ ಮುಗಿದು ಗಾಡಿಗಳು ತಿರುಗಿ ಹೋಗಿದ್ದವು. ಚಹಾ ಮಾರುವವನನ್ನು ಕೇಳಿದಳು. ಒಬ್ಬ ಹುಡುಗಿ ತಂಬಿಗೆ ಹಿಡಕೊಂಡು ದಿನವೆಲ್ಲ ಇಲ್ಲೇ ಕೂತಿದ್ದಳು ತಾಯಿ, ಬಂದ ಬಸ್ಸಿಗೆಲ್ಲ ಎದ್ದು ನಿಲ್ಲುತ್ತಿದ್ದಳು, ಸಂಜೆ ಅವರ ಮನೆಯವರು ಸಂತೆಯಿಂದ ಬರುತ್ತಾ ನೋಡಿ ಎಳಕೊಂಡು ಹೋದರು ಅಂದನಂತೆ.

ಸಾವಂತ್ರವ್ವ ತಿರುಗಿ ಬಂದಳು. ತಲೆ ಕೆಟ್ಟಿದೆ ಅಂತ ಓಣಿಯವರು ಅವಳನ್ನು ಒಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ಊಟವನ್ನು ಕಿಟಕಿಯಲ್ಲಿ ಇಡುತ್ತಿದ್ದರು. ಪ್ರೀತಿಯಿಂದಲೇ ಮಾಡಿದರು. ಆ ಓಣಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಹನ್ನೊಂದನೇ ದಿನ ಬಾಗಿಲು ತೆಗೆದು ನೀರು ಹಾಕಿದರು. ಒದ್ದೆ ಸೀರೆಯಲ್ಲೇ ಅವಳು ಮಾನಪ್ಪನ ಮನೆಗೆ ಓಡುವುದರಲ್ಲಿದ್ದಳು. ಅಷ್ಟರಲ್ಲಿ ಯಾರೋ ಸೆರಗು ಎಳೆದರು. ಗಂಗಾಳದಲ್ಲಿ ಕಡಲೆ ಕುಣಿಯುತ್ತಿತ್ತು. ಫೋನಿನಲ್ಲಿ ಒಬ್ಬ ಗಂಡಸು. ಬನವ್ವ ಬಾವಿಯಲ್ಲಿ ಸಿಕ್ಕಿದ್ದಾಳೆ, ಮಣ್ಣಿಗೆ ಬರುವುದಾದರೆ ಬನ್ನಿ ಅಂದ.

ಮಾನಪ್ಪ ತಾನಾಗಿಯೇ ಬಂದಿದ್ದ. ಇವಳ ದುಃಖಕ್ಕೆ ಎಲ್ಲರಿಗಿಂತ ಮೊದಲು ತಾನೇ ಬೆನ್ನು ಕೊಡಬೇಕು ಅಂತ ಬಂದು ಕೂತಿದ್ದ. ಅವಳು ಅವನ ಹಿಂದೆ ಕೂತಳು. ಮಾತು ಬಂದ ಹಾಗೆಯೇ ಹೇಳಿದಳು, ಮೊದಲು ಬಂದದ್ದು ಮೊದಲು. ಅಪ್ಪ ಬಂದು ಕರಕೊಂಡು ಹೋಗಲಿ ಅನ್ನುವಲ್ಲಿಗೆ ಬಂದಾಗ ಮಾನಪ್ಪ ಎದ್ದೇಬಿಟ್ಟ. ಹೆಗಲಿಗೆ ಟವೆಲು ಹಾಕಿದ, ಚಪ್ಪಲಿಗೆ ಕಾಲು ಹಾಕಿದ. ಬಂದೆ ಮಗಳೇ, ಈಗಲೇ ಹೊರಟೆ ಅಂದ. ಆ ಮುಖದಲ್ಲಿ ಎಂಥ ಅವಸರ ಇತ್ತು ಅಂತಾರೆ. ಅವಳು ಅವನ ಕೈ ಹಿಡಿದು ಕೂರಿಸಿ, ಎರಡನೆಯದನ್ನು ಹೇಳಿದಳು.

ಮೊದಲಿನದನ್ನು ಬಿಡಬಾರದಿತ್ತೇನೇ, ಆ ಮುದುಕನಿಗೆ ಎರಡು ಕೊರಗು ಯಾಕೆ ಕೊಟ್ಟೆ ಅಂತ ಆಮೇಲೆ ಹೆಂಗಸರು ಕೇಳಿದರಂತೆ. ಅದು ಬನವ್ವನ ಮಾತು, ನನ್ನದಲ್ಲ ಅಂದಳಂತೆ.

ಮಾನಪ್ಪ ಅವಳನ್ನು ಬೈಯಲಿಲ್ಲ. ಅವನನ್ನು ತಿಂದದ್ದು ಒಂದೇ. ಮಗಳ ಹಲ್ಲಿಗೆ ಉಂಗುರ ಬಡಿದಿತ್ತು. ಅಪ್ಪನಿಗೆ ಮಾತು ಮುಟ್ಟಿದೆ ಅಂತಲೇ ಅವಳು ನಂಬಿದ್ದಳು. ಮುಟ್ಟಿಯೂ ಅಪ್ಪ ಬರಲಿಲ್ಲ ಅಂತ ಅಂದುಕೊಂಡೇ ಸತ್ತಳು. ಅದಲ್ಲ ಮಗಳೇ ಅಂತ ಹೇಳುವುದಕ್ಕೆ ಅವಳಿಗೆ ಇನ್ನು ಬೆನ್ನಿಲ್ಲ, ಹಲ್ಲಿಲ್ಲ, ಫೋನಿಲ್ಲ.

ಅಂದಿನಿಂದ ಅವನು ದಿನಾ ಬರುತ್ತಿದ್ದ. ಬಂದು ಬೆನ್ನು ಕೊಟ್ಟು ಕೂಡುತ್ತಿದ್ದ. ಇನ್ನೊಮ್ಮೆ ಹೇಳು ಅಂತ. ಸಾವಂತ್ರವ್ವ ಬನವ್ವ ಹೇಳಿದ ಹಾಗೆಯೇ ಹೇಳುತ್ತಿದ್ದಳು. ಕರಕೊಂಡು ಹೋಗಲಿ ಅನ್ನುವಲ್ಲಿಗೆ ಬಂದರೆ ಎದ್ದು ಟವೆಲು ಹೆಗಲಿಗೆ ಹಾಕುತ್ತಿದ್ದ. ಮುಂದಿನದು ಬೇಡ ಅಂತ ಕೈ ಎತ್ತುತ್ತಿದ್ದ. ಹೊಸ್ತಿಲ ತನಕ ಹೋಗಿ, ಅಲ್ಲಿ ಸ್ವಲ್ಪ ನಿಂತು, ಮನೆಗೆ ಹೋಗುತ್ತಿದ್ದ. ಒಂದು ದಿನ ಹಾಗೆ ಎದ್ದವನು ಆ ಹೊಸ್ತಿಲ ಮೇಲೇ ಕುಸಿದ ಅಂತಾರೆ. ಟವೆಲು ಹೆಗಲ ಮೇಲೇ ಇತ್ತಂತೆ.

ಅವನ ಮಣ್ಣು ಮುಗಿಸಿ ಬಂದ ಮೇಲೆ ಸಾವಂತ್ರವ್ವ ಕಿವಿಗೆ ಮೇಣ ಇಡಲಿಲ್ಲ. ಸುತ್ತಿಗೆಗಳ ನಡುವೆ ಬರಿಗಿವಿಯಲ್ಲಿ ಕೂತಳು, ಒಳಗಿನ ದನಿ ಅಡಗುವ ತನಕ ಕೂತಳು. ಬನವ್ವನ ದನಿ ಕೊನೆಗೆ ಹೋಯಿತು ಅಂತಾರೆ ಕೆಲವರು, ಹೋಗಲೇ ಇಲ್ಲ ಅಂತಾರೆ ಕೆಲವರು. ಆಮೇಲೂ ಕಡಲೆ ಕುಣಿಯುತ್ತಿತ್ತು. ಅವಳು ಎದ್ದು ಫೋನು ತೆಗೆಯುತ್ತಿದ್ದಳು. ಎಲ್ಲೋ ಯಾರೋ ಫೋನು ಕಚ್ಚಿಕೊಂಡು ಕಾಯುತ್ತಿದ್ದರು. ಕೇಳಿಸದೆ ಹೇಗೆ ಬಡಿಯುವುದು? ಉಂಗುರದ ಬೆರಳನ್ನು ಮಡಚಿಕೊಂಡು, ಅವರು ಇಡುವಷ್ಟು ಹೊತ್ತು ಹಿಡಿದುಕೊಂಡೇ ನಿಲ್ಲುತ್ತಿದ್ದಳಂತೆ.

ಈಗ ಓಣಿ ಇಲ್ಲ, ಸುತ್ತಿಗೆ ಇಲ್ಲ. ತಾಮ್ರದ ಕೊಡ ಯಾರಿಗೆ ಬೇಕು? ನಿಮ್ಮ ಕಿವಿಯೆಲ್ಲ ನೆಟ್ಟಗಿವೆ. ಕಿವುಡರಿಗೂ ಈಗ ಸುಖ. ಆ ನಮ್ಮ ಕಾಳಿಂಗ, ಹುಟ್ಟು ಕಿವುಡ, ಮೊಬೈಲಿನ ಮುಂದೆ ನಿಂತು ಎರಡೂ ಕೈಯಲ್ಲಿ ಹೆಂಡತಿಯ ಜೊತೆ ಜಗಳ ಆಡುವುದನ್ನು ನೀವೇ ನೋಡಿದ್ದೀರಿ. ಆದರೂ ಅವನ ಮೊಬೈಲಿನ ಪಕ್ಕದಲ್ಲಿ ಒಂದು ತಾಮ್ರದ ತಟ್ಟೆ, ಅದರಲ್ಲಿ ಒಂದು ಹಿಡಿ ಕಡಲೆ ಇರುತ್ತದೆ. ಯಾಕೆ ಅಂತ ಅವನನ್ನು ಕೇಳಿದರೆ ನಗುತ್ತಾನೆ, ತೆಗೆಯುವುದಿಲ್ಲ.

ಇನ್ನೊಂದಿದೆ. ನಮ್ಮಲ್ಲಿ ಯಾರ ಮನೆಯಲ್ಲಿ ಸಾವಾದರೂ, ಗಂಡನನ್ನು ಕಳಕೊಂಡವಳ ಹತ್ತಿರ ಅದೇ ದಿನ ಹೋಗುತ್ತಾರೆ. ಮುಖ ಮುಚ್ಚಿಸುವುದಿಲ್ಲ. ಅವಳ ಮುಂದೆ ತಿರುಗಿ ಬೆನ್ನು ಕೊಟ್ಟು ಕೂಡುತ್ತಾರೆ, ಒಬ್ಬರಾದ ಮೇಲೆ ಒಬ್ಬರು. ಅವಳು ಕೈ ಇಡಬೇಕು. ಅವಳು ಕೈ ತೆಗೆಯುವ ತನಕ ಏಳುವ ಹಾಗಿಲ್ಲ. ಆ ಬಡಿತದ ಮಾತು ಈಗ ಯಾರಿಗೂ ಬರುವುದಿಲ್ಲ.

ನಿಮ್ಮ ತಾತ ಹೋದ ದಿನ ಊರೇ ಬಂದು ನನ್ನ ಮುಂದೆ ಬೆನ್ನು ಕೊಟ್ಟು ಕೂತಿತ್ತು. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಒಬ್ಬೊಬ್ಬರ ಮೇಲೂ ಕೈ ಇಟ್ಟೆ. ನಿಮ್ಮಪ್ಪ ಎಲ್ಲರಿಗಿಂತ ಕೊನೆಗೆ ಬಂದು ಕೂತ. ಅವನ ಬೆನ್ನಿನಿಂದ ಕೈ ತೆಗೆಯುವುದಕ್ಕೆ ಭಾಳ ಹೊತ್ತಿನ ತನಕ ನನ್ನಿಂದ ಆಗಲಿಲ್ಲ.