ಗಾಳಿಮೊಟ್ಟೆಯ ಬೆರಳ ಲೆಕ್ಕ

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಕಥೆ ಬರೆದು ಅಭ್ಯಾಸವಿಲ್ಲ, ಇದೇ ಮೊದಲು. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯಕ್ಕೆ ಒಂದನ್ನೇ ಎರಡು ಸಲ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಗಾಳಿಮೊಟ್ಟೆ ಎಂಬ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಚೀಯಣ್ಣ ಎಂಬ ಜೀಪ್ ಡ್ರೈವರ್ ಇದ್ದ. ಆ ದಾರಿಗೆ ಡಾಂಬರಿಲ್ಲ, ಬರೀ ಕಲ್ಲು ಮತ್ತು ಕೊರಕಲು. ಅಗಲ ಒಂದೇ ಗಾಡಿಯಷ್ಟು. ಒಂದು ಕಡೆ ಗೋಡೆಯಂತೆ ನಿಂತ ಮಣ್ಣಿನ ಬರೆ, ಇನ್ನೊಂದು ಕಡೆ ಪ್ರಪಾತ.

ಹಾಗಾಗಿ ಅಲ್ಲಿ ಒಂದು ಪದ್ಧತಿ ಇದೆ. ಇಳಿಯುವವರು ಅಗಲವಾದ ತಿರುವಿನಲ್ಲಿ ನಿಂತು ಹತ್ತುವವರಿಗೆ ದಾರಿ ಬಿಡುತ್ತಾರೆ. ಏಕೆಂದರೆ ಹತ್ತುವ ಗಾಡಿ ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಹತ್ತುವವರು ಹಾದುಹೋಗುವಾಗ, ತಮ್ಮ ಹಿಂದೆ ಎಷ್ಟು ಗಾಡಿ ಬರುತ್ತಿವೆಯೋ ಅಷ್ಟು ಬೆರಳು ತೋರಿಸುತ್ತಾರೆ. ಯಾರೂ ಇಲ್ಲದಿದ್ದರೆ ಮುಷ್ಟಿ. ಮುಷ್ಟಿ ಕಂಡ ಮೇಲೆಯೇ ಇಳಿಯಬೇಕು. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಎದುರಿಗೆ ಯಾರಾದರೂ ಸಿಕ್ಕರೆ ಜೀಪು ನಿಲ್ಲುವುದಿಲ್ಲ. ಇದು ಮುಖ್ಯ, ನೆನಪಿಡಿ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಚೀಯಣ್ಣನ ಜೀಪಿನ ಹಿಂದಿನ ಸೀಟಿನಲ್ಲಿ ದಾವಣಗೆರೆಯ ಶಾಂತವೀರಮ್ಮ ಎಂಬ ಅಜ್ಜಿ ಕುಳಿತಿದ್ದರು. ಚೀಯಣ್ಣ ಈ ಬೆರಳಿನ ಪದ್ಧತಿಯನ್ನು ಅವರಿಗೆ ಹೆಮ್ಮೆಯಿಂದ ವಿವರಿಸಿದ. ಅಷ್ಟರಲ್ಲಿ ಮುಂದೆ ದೇಚಮ್ಮ ಎಂಬುವಳ ಹಳೆಯ ಬೈಕು ಸಿಕ್ಕಿತು. ಬೆಟ್ಟದ ಮೇಲೆ ಅರಣ್ಯ ಕಾವಲುಗಾರನಾಗಿದ್ದ ಗಂಡನಿಗೆ ಅವಳು ದಿನವೂ ಬುತ್ತಿ ಒಯ್ಯುತ್ತಿದ್ದಳು. ಎರಡೂ ಕಾಲು ನೆಲಕ್ಕೆ ಊರಿಕೊಂಡು ನಿಧಾನವಾಗಿ ಹತ್ತುತ್ತಿದ್ದಳು.

“ಮೆರವಣಿಗೆ ಹೊರಟಿದ್ದೀಯೇನಮ್ಮಾ? ಸರಿ ಆಚೆ!” ಎಂದು ಚೀಯಣ್ಣ ಹಾರ್ನ್ ಹೊಡೆದ.

“ಜಾಗ ಬಂದಾಗ ಬಿಡ್ತೀನಿ ಅಣ್ಣಾ. ಈಗ ಪ್ರಪಾತಕ್ಕೆ ಇಳೀಲಾ?” ಎಂದಳು ಅವಳು.

ಜಾಗ ಬಂದೊಡನೆ ಬಿಟ್ಟಳು ಕೂಡ. ಚೀಯಣ್ಣ ಅವಳ ಮೇಲೆ ಕೆಸರು ಹಾರಿಸಿಕೊಂಡು ಮುಂದೆ ಹೋದ.

ಮೇಲಿನ ತಿರುವಿನಲ್ಲಿ ಹಂಝ ಎಂಬ ಡ್ರೈವರ್ ಇಳಿಯಲು ಕಾಯುತ್ತಿದ್ದ. ಚೀಯಣ್ಣನಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ‘ಬೈಕೂ ಒಂದು ಗಾಡಿಯಾ?’ ಎಂದುಕೊಂಡು ಮುಷ್ಟಿ ತೋರಿಸಿಬಿಟ್ಟ.

ಎರಡು ತಿರುವು ದಾಟಿದ ಮೇಲೆ ಅಜ್ಜಿ, “ಬುತ್ತಿ ಹಿಡ್ಕೊಂಡು ಒಬ್ಬಳೇ ಬರ್ತಾಳಲ್ಲಪ್ಪಾ, ಪಾಪ,” ಎಂದರು.

ಚೀಯಣ್ಣನಿಗೆ ತಾನು ತೋರಿಸಿದ ಮುಷ್ಟಿ ನೆನಪಾಯಿತು. ಹ್ಯಾಂಡ್‌ಬ್ರೇಕ್ ಎಳೆದ, ಚಕ್ರಕ್ಕೆ ಕಲ್ಲು ಕೊಟ್ಟ, ಕೆಳಕ್ಕೆ ಓಡಿದ. ಅಜ್ಜಿ ಹಿಂದಿನಿಂದ ಏನೋ ಕೂಗಿದರು. ಗಾಳಿಗೆ ಕೇಳಿಸಲಿಲ್ಲ. ಎರಡು ಸಲ ಬಿದ್ದ, ಮೊಣಕಾಲು ತರಚಿತು.

ಬಂದು ನೋಡಿದರೆ ಹಂಝನ ಜೀಪು ತಿರುವಿನಲ್ಲಿ ನಿಂತಲ್ಲೇ ನಿಂತಿತ್ತು. ಅದರ ಪಕ್ಕದಲ್ಲಿ ದೇಚಮ್ಮ ಬೈಕು ಹತ್ತಿಸುತ್ತಿದ್ದಳು. ಹಂಝ ಹಿಂದಿನಿಂದ ತಳ್ಳುತ್ತಿದ್ದ.

“ನಾನು ಮುಷ್ಟಿ ತೋರಿಸಿದ್ದೆನಲ್ಲೋ! ಯಾಕೆ ಇಳೀಲಿಲ್ಲ?” ಎಂದು ಚೀಯಣ್ಣ ಏದುಸಿರಿನಲ್ಲಿ ಕೇಳಿದ.

“ನೀನು ತೋರಿಸಿದ್ದು ಮುಷ್ಟಿ. ನಿನ್ನ ಹಿಂದಿನ ಸೀಟಿನ ಅಜ್ಜಿ ಕೈ ಹೊರಗೆ ಚಾಚಿ ಒಂದು ಬೆರಳು ತೋರಿಸಿದ್ರು. ಯಾರನ್ನ ನಂಬಲಿ ಮಾರಾಯ? ಅಜ್ಜಿಯನ್ನೇ ನಂಬಿದೆ.”

ಚೀಯಣ್ಣ ಅಲ್ಲೇ ಕಲ್ಲಿನ ಮೇಲೆ ಕುಳಿತ. ದೇಚಮ್ಮನಿಗೆ ಎಲ್ಲವೂ ಅರ್ಥವಾಯಿತು. ಆದರೆ ಬೈಯಲಿಲ್ಲ. ಅವನ ಮೊಣಕಾಲಿನ ರಕ್ತಕ್ಕೆ ತನ್ನ ಬಾಟಲಿಯ ನೀರು ಹೊಯ್ದಳು.

ಅಲ್ಲಿಂದ ಮೇಲಕ್ಕೆ ಬೈಕು ತಳ್ಳಿದ್ದು ಚೀಯಣ್ಣ.

“ಮೆರವಣಿಗೆ ಅಲ್ವಾ ಅಣ್ಣಾ, ನಿಧಾನ,” ಎಂದು ದೇಚಮ್ಮ ನಕ್ಕಳು.

ನೀತಿ: ಕಷ್ಟದ ದಾರಿ ಎಲ್ಲರದು. ಹಿಂದೆ ನಿಧಾನವಾಗಿ ಬರುವವರನ್ನು ಸಿಟ್ಟಿನಲ್ಲಿ ಲೆಕ್ಕದಿಂದ ಬಿಡಬಾರದು. ಲೆಕ್ಕ ಎಂದರೆ ಬರೀ ಗಾಡಿಗಳ ಲೆಕ್ಕ ಎಂದು ತಿಳಿಯಬೇಡಿ. ಒಂದು ಬೆರಳು ಎಂದರೆ ಒಬ್ಬ ಮನುಷ್ಯ, ಅವರ ಬುತ್ತಿಗಾಗಿ ಮೇಲೆ ಕಾಯುತ್ತಿರುವ ಇನ್ನೊಬ್ಬರು, ಆಮೇಲೆ ಅವರ...

ಇರಿ, ಜೀಪ್ ಸ್ಟ್ಯಾಂಡಿನಿಂದ ನನ್ನನ್ನೇ ಕೂಗುತ್ತಿದ್ದಾರೆ.

“ಚೀಯಣ್ಣಾ, ಬನ್ನಿ, ನಿಮ್ಮ ಸರದಿ!”