ಬಾಗಿಲಿಲ್ಲದ ಮನೆಯ ಕಾವಲುಗಾರ

"ಕೇಳ್ರಪ್ಪೋ ಕೇಳಿ! ಅರಮನೆ ಹೊಸಿಲಿಗೆ ಅಡ್ಡವಾಗಿ ರಕ್ಕಸಿ ಕೂತವಳೆ. ಅರಸುಮಗಳು ಹೊನ್ನಾಜಿ, ಏಳು ತಿಂಗಳ ಬಸುರಿ, ಒಳಗೆ ಸಿಕ್ಕಿಬಿದ್ದವಳೆ. ರಕ್ಕಸಿಯ ಮೂರು ಒಗಟು ಬಿಡಿಸಿದವರಿಗೆ ಅರಸರು ಬೇಡಿದ್ದು ಕೊಡ್ತಾರೆ. ತಪ್ಪಿದವರು ಅವಳಿಗೆ ತುತ್ತು!"

ಡಂಗುರ ಹೊಡೆದು ಎಂಟು ದಿನವಾಯಿತು. ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಹೊಟ್ಟೆ ಬೆಳೆಯುತ್ತಿಲ್ಲವೆಂದು ಹೆದರಿದ ಹೊನ್ನಾಜಿ ಕಿಟಕಿ ಸರಳು ಹಿಡಿದು ನಿಂತೇ ಇದ್ದಳು. ಸೂಲಗಿತ್ತಿ ದ್ಯಾಮವ್ವ ಹೊರಗೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು.

"ಬಾಗಿಲಿಲ್ಲದ ಮನೆಯಲ್ಲೊಬ್ಬ ಸೆರೆಯಾಳು. ಅವನಿಗೆ ಉಣಿಸುವವನು ಕಾವಲುಗಾರ. ಸೆರೆಯಾಳು ಹೊರಬಂದ ದಿನವೇ ಕಾವಲುಗಾರನಿಗೆ ಸಾವು. ಆ ಕಾವಲುಗಾರ ಯಾರು?" ಎಂದಳು ರಕ್ಕಸಿ.

ಆಸ್ಥಾನ ಪಂಡಿತರು ಶಲ್ಯ ಸರಿಮಾಡಿಕೊಂಡು, "ಮೊಟ್ಟೆಯ ಚಿಪ್ಪು" ಎಂದರು.

"ಚಿಪ್ಪು ಉಣಿಸುತ್ತದೇನಯ್ಯ?" ಶಲ್ಯವಷ್ಟೇ ಉಳಿಯಿತು. ದಳವಾಯಿ ಮೀಸೆ ತಿರುವಿ, "ರೇಷ್ಮೆಗೂಡು" ಎಂದ. ಅವನೂ ಹೋದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಇಲ್ಲಿ ಬಾಯಿಬಿಟ್ಟವರೇ ಸತ್ತರು ನೋಡಿ!

ಆಗ ದ್ಯಾಮವ್ವನ ಮಗ ಜಟ್ಟಿಗ ಬಂದ. ಕೆರೆಯಲ್ಲಿ ಜಿಗಣೆ ಹಿಡಿದು, ಕೀವು ಕಟ್ಟಿದವರಿಗೆ ಕಚ್ಚಿಸಿ ಬದುಕುವವನು. ಕೈಯಲ್ಲಿ ಜಿಗಣೆಯ ಮಡಕೆ. "ಬ್ಯಾಡ ಕಣೋ ಮಗಾ" ಎಂದು ಅವ್ವ ಅತ್ತಳು.

"ಮಾಸು" ಎಂದ ಜಟ್ಟಿಗ. "ಹೊಕ್ಕುಳಬಳ್ಳಿಯ ಬುಡದಲ್ಲಿರುತ್ತಲ್ಲ, ಅದು. ಅವ್ವ ಹೆರಿಗೆ ಮಾಡಿಸಿದ ಕಡೆಯೆಲ್ಲ ಅದನ್ನು ಹೂತವನು ನಾನು. ಕೂಸಿಗೆ ಒಂಬತ್ತು ತಿಂಗಳು ಉಣಿಸಿ, ಕೂಸಿನ ಹಿಂದೆಯೇ ಬಿದ್ದು ಸಾಯುತ್ತೆ."

ರಕ್ಕಸಿ ಹಲ್ಲು ಕಡಿದಳು. "ಆ ಕಾವಲುಗಾರನಿಗೆ ಬಾಯಿಲ್ಲ. ಒಳಗಿನ ಸುದ್ದಿಯನ್ನು ಯಾವ ದಾರಿಯಲ್ಲಿ ಕಳಿಸುತ್ತಾನೆ?"

"ತಾಯಿಯ ರಕ್ತದಲ್ಲಿ. ತನ್ನ ರಸವನ್ನು ಅದರಲ್ಲಿ ಬೆರೆಸಿ ಕಳಿಸ್ತಾನೆ. ಆ ರಕ್ತ ಕುಡಿದ ಜಿಗಣೆ ನೀರಲ್ಲಿ ಕುಣಿಯುತ್ತೆ. ರಸ ಎಷ್ಟೋ ಕುಣಿತ ಅಷ್ಟು."

"ಹಾಗಾದರೆ ಅಳೆದು ತೋರಿಸು!"

ಹೊನ್ನಾಜಿ ಸರಳಿನಾಚೆ ಕೈ ಚಾಚಿದಳು. ರಕ್ತ ಕುಡಿದ ಜಿಗಣೆಯನ್ನು ಜಟ್ಟಿಗ ಮಡಕೆಗೆ ಬಿಟ್ಟ. ಅದು ಒಮ್ಮೆ ಹೊರಳಿ ತಳ ಸೇರಿತು.

ರಕ್ಕಸಿ ಚಪ್ಪಾಳೆ ತಟ್ಟಿದಳು. "ರಸ ಕಮ್ಮಿ! ಮೂರನೆಯ ಒಗಟು ಅದೇ. ಕಮ್ಮಿ ಅಂದರೆ ಏನು?"

"ನಿಜ ಹೇಳಪ್ಪ ಜಟ್ಟಿಗ," ಹೊನ್ನಾಜಿಯ ದನಿ ಒಡೆಯಿತು, "ನನ್ನ ಕೂಸು ಹೋಯ್ತಾ?"

ಜಟ್ಟಿಗ ಸರಳಿನ ಹತ್ತಿರ ಹೋದ. "ಇಲ್ಲ ತಾಯಿ. ಕಮ್ಮಿ ಅಂದರೆ ಅಪಾಯ, ಸಾವಲ್ಲ. ಕಾವಲುಗಾರ ಸೋತಿದ್ದಾನೆ, ಬೇಗ ಬನ್ನಿ ಅಂತ ಕೂಗ್ತಿದ್ದಾನೆ. ಬಾಗಿಲು ತೆಗೀಬೇಕು, ನಮ್ಮವ್ವ ಒಳಗೆ ಹೋಗಬೇಕು, ದಿನಾ ನೋಡ್ತಿರಬೇಕು. ಅಷ್ಟೇ ಅದರ ಅರ್ಥ."

ಉತ್ತರ ಬಂದ ಮೇಲೆ ಕೂರುವ ಹಕ್ಕು ರಕ್ಕಸಿಗಿಲ್ಲ. ಅವಳು ಎದ್ದು ಹೊರಡುವಷ್ಟರಲ್ಲೇ ದ್ಯಾಮವ್ವ ಹೊಸಿಲು ದಾಟಿದ್ದಳು.

ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮೊರದ ಮೂಲೆಯಷ್ಟೇ ಕೂಸು, ಆದರೆ ಅರಮನೆಯೇ ಎದ್ದು ಕೂರುವಂತೆ ಅತ್ತಿತು.

ಅರಸ ಜಟ್ಟಿಗನಿಗೆ ಆ ಜಿಗಣೆ ಕೆರೆಯನ್ನೇ ಉಂಬಳಿ ಬಿಟ್ಟ. "ಇನ್ನೇನು ಬೇಕು, ಕೇಳು."

"ಕಾವಲುಗಾರ ಸತ್ತಿದ್ದಾನೆ, ಬುದ್ಧಿ. ಅವನಿಗೆ ತಾವೇ ಮಣ್ಣು ಹಾಕಬೇಕು."

ಅರಸ ಕಿರೀಟ ತೆಗೆದಿಟ್ಟು ಹಿತ್ತಿಲಿಗೆ ನಡೆದ, ಗುದ್ದಲಿ ಹಿಡಿದು ತಾನೇ ಗುಂಡಿ ತೋಡಿದ.