ದುಂಡಪ್ಪ ಮಾಸ್ತರ್ ಬಿಚ್ಚಿದ ಹೊಲಿಗೆ

ಬೈಲಹೊಂಗಲದ ಬಜಾರದಲ್ಲಿ ದುಂಡಪ್ಪ ಎಂಬ ಟೇಲರ್ ಇದ್ದ. ಊರವರೆಲ್ಲ ಅವನನ್ನು ದುಂಡಪ್ಪ ಮಾಸ್ತರ್ ಎಂದೇ ಕರೆಯುತ್ತಿದ್ದರು. ಅವನು ಹೊಲಿದ ಅಂಗಿ ಹಾಕಿಕೊಂಡು ಮದುವೆಗೆ ಹೋದವನು ಮದುಮಗನಿಗಿಂತ ಚಂದ ಕಾಣುತ್ತಾನೆ ಎಂದು ಜನ ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ಅದರಲ್ಲಿ ಸುಳ್ಳು ಕಡಿಮೆ. ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ದುಂಡಪ್ಪ ಬಿಚ್ಚಿ ಮತ್ತೆ ಹೊಲಿಯುವವನು. ಗಿರಾಕಿಯೇ "ಇರಲಿ ಬಿಡ್ರಿ ಮಾಸ್ತರ್ರ, ಒಳಗಿನ ಹೊಲಿಗಿ ಯಾರ ನೋಡ್ತಾರ?" ಎಂದರೂ ಬಿಡುತ್ತಿರಲಿಲ್ಲ. ಯಾರೂ ನೋಡದಿದ್ದರೂ ತಾನು ನೋಡುತ್ತೇನಲ್ಲ ಎನ್ನುತ್ತಿದ್ದ.

ಅವನ ಹೆಂಡತಿ ಕಾಶವ್ವ. ನಲವತ್ತು ವರ್ಷ ಮನೆಯಲ್ಲೇ ಕೂತು ಅಂಗಡಿಯ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚಿದವಳು. ಸಂಜೆ ಗಂಡ ಬಂದು ಒಂದೊಂದೇ ಕಾಜಾವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಸರಿ ಇದ್ದರೆ ಮಾತಿಲ್ಲ. ಸರಿ ಇಲ್ಲದಿದ್ದರೆ ಅಂಗಿ ಅವಳ ಮಡಿಲಿಗೆ ಬಂದು ಬೀಳುತ್ತಿತ್ತು. ಹೊಲಿಗೆಯ ವಿಷಯದಲ್ಲಿ ಗಂಡ ಹೇಳಿದ್ದೇ ಕೊನೆಯ ಮಾತು ಎಂದು ಅವಳೂ ಒಪ್ಪಿಕೊಂಡುಬಿಟ್ಟಿದ್ದಳು.

ವಯಸ್ಸಾಯಿತು. ಮಷೀನು ತುಳಿದು ತುಳಿದು ದುಂಡಪ್ಪನ ಮೊಣಕಾಲು ಕೈಕೊಟ್ಟವು. ಅಂಗಡಿ ಮುಚ್ಚಿ ಮನೆಗೆ ಬಂದು ಕೂತ. ಕೂತದ್ದೇ ತಡ, ಮನೆಯಲ್ಲಿ ಯಾವುದೂ ನೆಟ್ಟಗಿಲ್ಲ ಎಂಬುದು ಅವನಿಗೆ ಕಾಣತೊಡಗಿತು. ಗೋಡೆಯ ಕ್ಯಾಲೆಂಡರ್ ಓರೆಯಾಗಿತ್ತು. ಮಡಚಿಟ್ಟ ಟವೆಲ್ಲಿನ ಅಂಚು ಕೂಡಿರಲಿಲ್ಲ. ಕೆಲಸವಿಲ್ಲದ ಟೇಲರನ ಕಣ್ಣು ಎಂಥದ್ದು ಎಂದು ಟೇಲರನ ಹೆಂಡತಿಯನ್ನೇ ಕೇಳಬೇಕು.

ಆದರೆ ಕಾಶವ್ವನಿಗೆ ಬಿಡುವು ಬಂದದ್ದು ಬೇರೆ ಥರ. ಒಂದು ದಿನ ಅವಳು ಟ್ರಂಕಿನಿಂದ ಹಳೆಯ ಸೀರೆಗಳನ್ನೆಲ್ಲ ತೆಗೆದು ಪಡಸಾಲೆಯಲ್ಲಿ ಒಂದರ ಮೇಲೊಂದು ಹಾಸಿದಳು. ಅದರ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿ ಒಂದು ಅಂಚಿನಿಂದ ಹೊಲಿಯಲು ಕೂತಳು. ಹೊದೆಯುವ ಕೌದಿ ಹೊಲಿಯುವುದೇ ಹಾಗೆ. ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರಬೇಕು.

"ಯಾರಿಗಿದು?" ದುಂಡಪ್ಪ ಕೇಳಿದ.

"ಯಾರಿಗೂ ಅಲ್ಲರೀ. ಹೊಲೀಬೇಕು ಅನಿಸೈತಿ, ಹೊಲ್ಯಾಕತ್ತೇನಿ."

ಇದು ಅವನಿಗೆ ಅರ್ಥವಾಗಲಿಲ್ಲ. ಅವನ ಜನ್ಮದಲ್ಲಿ ಅಳತೆ ಕೊಡದೆ ಯಾರೂ ಏನನ್ನೂ ಹೊಲಿಸಿರಲಿಲ್ಲ.

ಕಾಶವ್ವ ದಿನವೂ ಅಡುಗೆ ಮುಗಿಸಿ ಕೌದಿಗೆ ಕೂರುತ್ತಿದ್ದಳು. ಒಬ್ಬಳೇ ಏನೋ ಗುನುಗುತ್ತಿದ್ದಳು. ಒಂದು ತುಂಡು ಕೈಗೆ ಬಂದರೆ ಹೊಲಿಯುವುದನ್ನು ಬಿಟ್ಟು ಅದನ್ನೇ ಸವರುತ್ತ ಕೂರುತ್ತಿದ್ದಳು. ಇದು ಅವ್ವನ ಸೀರೆಯದು, ಇದು ಅಕ್ಕನ ಕುಬಸದ್ದು, ಇದು ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಲಂಗದ್ದು. ಅವ್ವನ ತುಂಡಿನ ಪಕ್ಕಕ್ಕೆ ಅಕ್ಕನ ತುಂಡು ಇಟ್ಟು ನಗುತ್ತಿದ್ದಳು. ಸೂಜಿ ತನಗೆ ಬೇಕಾದ ಕಡೆ ಹೋಗುತ್ತಿತ್ತು. ಹೊಲಿಗೆ ಒಂದು ಕಡೆ ಮೇಲಕ್ಕೆ ಏರಿ, ಇನ್ನೊಂದು ಕಡೆ ಕೆಳಕ್ಕೆ ಇಳಿದು, ನಡುವೆ ಒಂದೆರಡು ಕಡೆ ಜಾರಿ, ಹೇಗೋ ಮುಂದೆ ಸಾಗುತ್ತಿತ್ತು.

ದುಂಡಪ್ಪ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದ. ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡವನ ಪಾಡು ಅವನದು. ಪಾಪ, ಇವಳ ಕಣ್ಣು ಮಂಜಾಗಿದೆ ಎಂದುಕೊಂಡ.

ಒಂದು ದಿನ ಎದುರು ಮನೆಯ ದಾನಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಕೌದಿ ನೋಡಿ ನಕ್ಕಳು. "ಕಾಶಕ್ಕಾ, ಟೇಲರ್ ಮಾಸ್ತರ್ ಮನೀ ಕೌದಿ ಅಂದ್ರ ಯಾರೂ ನಂಬೂದಿಲ್ಲ ನೋಡು ಇದನ್ನ!"

ಕಾಶವ್ವನೂ ನಕ್ಕಳು. ಅಲ್ಲಿಗೆ ಅವರಿಬ್ಬರ ಪಾಲಿಗೆ ಮಾತು ಮುಗಿಯಿತು. ದುಂಡಪ್ಪನ ಎದೆಯಲ್ಲಿ ಮಾತ್ರ ಅದು ಮುಳ್ಳಾಗಿ ಕೂತಿತು.

ಶ್ರಾವಣ ಮಾಸ. ಮಠದಲ್ಲಿ ದಿನವೂ ಸಂಜೆ ಪುರಾಣ. ಅವತ್ತು ಕಾಶವ್ವ ಪುರಾಣಕ್ಕೆ ಹೋದದ್ದೇ ದುಂಡಪ್ಪ ಬಾಗಿಲು ಮುಂದೆ ಮಾಡಿದ. ನೆಲಕ್ಕೆ ಕೂರುವಾಗ ಮೊಣಕಾಲು ಚೀರಿದವು. ಲೆಕ್ಕಿಸಲಿಲ್ಲ. ಅವಳು ಬೆಳಗ್ಗೆ ಹೊಲಿದ ಒಂದು ಸಾಲನ್ನು ಸರಸರ ಬಿಚ್ಚಿ, ಅದೇ ದಾರ ಹಿಡಿದು ನೆಟ್ಟಗೆ ಹೊಲಿದ. ಎಷ್ಟೋ ದಿನಗಳ ಮೇಲೆ ಸೂಜಿ ಹಿಡಿದ ಬೆರಳಿಗೂ ಹಿತವೆನಿಸಿತು. ಹೆಂಡತಿಗೆ ಉಪಕಾರ ಮಾಡಿದೆ ಎಂದು ಮನಸಾರೆ ನಂಬಿದ.

ಮರುದಿನ ಕಾಶವ್ವ ಕೌದಿ ಬಿಡಿಸಿದವಳೇ ಕಣ್ಣರಳಿಸಿದಳು. "ಏನರೀ, ನಿನ್ನೆ ಇಷ್ಟು ನೆಟ್ಟಗ ಹೊಲದೇನ ನಾನು?"

"ಕೈ ಕುದುರೈತಿ ಅಂದಂಗಾತು" ಎಂದ ದುಂಡಪ್ಪ. ಅವನಿಗೆ ಒಳಗೊಳಗೇ ನಗು.

ಅವತ್ತೇ ಅವನು ನಿಲ್ಲಿಸಿದ್ದರೆ ಈ ಕಥೆ ಹೇಳುವ ಅಗತ್ಯ ನನಗೆ ಬೀಳುತ್ತಿರಲಿಲ್ಲ. ಆದರೆ ಒಂದು ಸಾಲು ನೆಟ್ಟಗಾದ ಮೇಲೆ ಪಕ್ಕದ ಸಾಲು ಇನ್ನಷ್ಟು ಸೊಟ್ಟಗೆ ಕಾಣುತ್ತದೆ. ದಿನವೂ ಸಂಜೆ ಅವನದು ಇದೇ ಕೆಲಸವಾಯಿತು. ಹೊಲಿಗೆ ಮುಗಿದು ತುಂಡುಗಳ ಸರದಿ ಬಂತು. ಹಳದಿಯ ಪಕ್ಕ ಹಳದಿ ಬಂದರೆ ಕಣ್ಣಿಗೆ ಚಂದವಲ್ಲ ಎಂದು ಅವನ ಲೆಕ್ಕ. ಎರಡೂ ಹಳದಿಯಾದ್ದರಿಂದ ಅವ್ವನ ಸೀರೆಯ ತುಂಡನ್ನು ಈ ಮೂಲೆಗೆ ತಂದ. ಅಕ್ಕನ ಕುಬಸದ ತುಂಡನ್ನು ಆ ಮೂಲೆಗೆ ಒಯ್ದ. ಬಣ್ಣಕ್ಕೆ ಬಣ್ಣ ಹೊಂದಿ ಕೌದಿ ಅಂಗಡಿಯಲ್ಲಿ ತೂಗುಹಾಕುವ ಹಾಗಾಯಿತು.

ಮರುದಿನ ಕಾಶವ್ವ ಕೌದಿಯ ಮುಂದೆ ಬಹಳ ಹೊತ್ತು ಕೂತಳು. ಸೂಜಿ ಕೈಗೆತ್ತಿಕೊಳ್ಳಲಿಲ್ಲ.

"ಇಲ್ಲಿ ಕೇಳ್ರಿ. ಅವ್ವನ ತುಂಡಿನ ಬಾಜೂಕ ಅಕ್ಕನ ತುಂಡ ಹಚ್ಚಿದ್ದೆ ನಾನು. ಈಗ ಅದು ಅಲ್ಲಿ ಐತಿ, ಇದು ಇಲ್ಲಿ ಐತಿ. ನಾನ ಹಿಂಗ ಹಚ್ಚಿದ್ನೇನು?"

ನಿಜ ಹೇಳಲು ಅದು ಒಳ್ಳೆಯ ಹೊತ್ತಾಗಿತ್ತು. ದುಂಡಪ್ಪನ ಬಾಯಿಗೆ ಸುಳ್ಳೇ ಮೊದಲು ಬಂತು.

"ನೀನ ಹಚ್ಚಿದ್ದಿ. ಮತ್ತ್ಯಾರ ಹಚ್ತಾರು?"

ಹೊಲಿಗೆಯ ವಿಷಯದಲ್ಲಿ ಅವನ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ. "ಹೌದೇನೋ" ಎಂದಳು. ಕೌದಿ ಮಡಚಿಟ್ಟಳು.

ಆ ದಿನದಿಂದ ಅವಳು ಬದಲಾದಳು. ಕೌದಿ ಬಿಡಿಸುತ್ತಿದ್ದಳು, ಬೆರಳಾಡಿಸಿ ನೋಡುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಒಲೆ ಆರಿಸಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ನೋಡಿ ಬರುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಹಾಕದೆಯೇ ಬಿಡುತ್ತಿದ್ದಳು. ದುಂಡಪ್ಪ ಉಪ್ಪಿಲ್ಲದ ಸಾರು ಉಂಡ. ಅವಳು ಸೂಜಿ ಮುಟ್ಟದಿದ್ದರೂ ಅವನು ಮಾತ್ರ ದಿನವೂ ಸಂಜೆ ಕೌದಿಗೆ ಕೂರುತ್ತಿದ್ದ. ಇನ್ನೇನು ಮುಗಿಯುತ್ತ ಬಂತು, ಮುಗಿದ ಮೇಲೆ ಇವಳಿಗೂ ಖುಷಿಯಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಧಾರವಾಡದಲ್ಲಿದ್ದ ಮಗಳ ಮನೆಗೆ ಕಾಶವ್ವ ಪ್ರತಿ ಶ್ರಾವಣದಲ್ಲಿ ಒಬ್ಬಳೇ ಬಸ್ಸು ಹತ್ತಿ ಹೋಗಿಬರುತ್ತಿದ್ದಳು. ಆ ಸಲ ಹೊರಡುವ ದಿನ ಬೆಳಗ್ಗೆ ಚೀಲ ತುಂಬಿದವಳು ತುಂಬಿದ್ದನ್ನೆಲ್ಲ ಹೊರಗೆ ತೆಗೆದಳು. ಸೊಂಟದಿಂದ ಮನೆಯ ಕೀಲಿಕೈ ಬಿಚ್ಚಿ ಗಂಡನ ಮುಂದೆ ಇಟ್ಟಳು.

"ಇದನ್ನ ನೀವ ಇಟ್ಕೋರಿ. ನಾ ಧಾರವಾಡಕ್ಕ ಹೋಗಂಗಿಲ್ಲ."

"ಯಾಕ? ಏನಾತು?"

"ಇಳಿಯೂ ಊರು ಮರ್ತರ ಏನ ಮಾಡ್ಲಿ?" ಅವಳ ದನಿ ಸಣ್ಣದಾಯಿತು. "ನಮ್ಮವ್ವಗೂ ಹಿಂಗ ಚಾಲೂ ಆಗಿತ್ತರೀ. ಇಟ್ಟದ್ದು ಒಂದು ಕಡೆ, ಹುಡುಕೂದು ಒಂದು ಕಡೆ. ಕಡೀಕ ನಾ ಆಕಿ ಮಗಳು ಅನ್ನೂದೂ ಗೊತ್ತಾಗ್ಲಿಲ್ಲ ಆಕಿಗೆ. ನನಗೂ ಅದ ಬಂದೈತಿ. ನಾಳೆ ನಿಮ್ಮ ಮುಖಾ ಮರ್ತು ಯಾರ ನೀವು ಅಂತ ಕೇಳಿದ್ರ ಸಿಟ್ಟ ಮಾಡಬ್ಯಾಡ್ರಿ."

ದುಂಡಪ್ಪ ಅವಳ ಮುಖ ನೋಡಿದ. ಅಲ್ಲಿದ್ದದ್ದು ಬರೀ ಹೆದರಿಕೆ. ಅದನ್ನು ಹುಟ್ಟಿಸಿದವನು ತಾನು. ನಿಜ ಹೇಳಿದರೆ ತನ್ನ ಮಾನ ಹೋಗುತ್ತದೆ, ಅವಳು ಇನ್ನೆಂದೂ ತನ್ನ ಮಾತು ನಂಬಲಿಕ್ಕಿಲ್ಲ. ಹೇಳದಿದ್ದರೆ ಏನಾಗುತ್ತದೆ ಎಂಬುದು ಎದುರಿಗೇ ಕೂತಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಕೀಲಿಕೈಯನ್ನು ಅವಳ ಕಡೆಗೆ ಸರಿಸಿದ.

"ನಿನಗೇನೂ ಆಗಿಲ್ಲ. ನಾನ ಬಿಚ್ಚೇನಿ. ನೀ ಪುರಾಣಕ್ಕ ಹೋದಾಗ ದಿನಾ ಬಿಚ್ಚಿ ನಾನ ಹೊಲದೇನಿ. ತುಂಡ ತಗದು ಬ್ಯಾರೆ ಕಡೆ ಹಚ್ಚಿದವನೂ ನಾನ. ನೀ ಕೇಳಿದಾಗ ಸುಳ್ಳ ಹೇಳೇನಿ."

ಕಾಶವ್ವನಿಗೆ ಮೊದಲು ತಿಳಿಯಲಿಲ್ಲ.

"ಅಂದ್ರ ನನಗ ಮರವು ಬಂದಿಲ್ಲ?"

"ಬಂದಿಲ್ಲ."

"ಅವ್ವಂದೂ ಅಕ್ಕಂದೂ ಬಾಜೂಬಾಜೂಕ ಹಚ್ಚಿದ್ದೆ ನಾನು?"

"ಹಚ್ಚಿದ್ದಿ. ನಾ ನೋಡೇನಿ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದು ಜೀವ ಮರಳಿ ಬಂದವರ ಅಳು. ದುಂಡಪ್ಪ ಸದ್ಯ ಪಾರಾದೆ ಎಂದುಕೊಂಡ. ಆದರೆ ಅವಳು ಕಣ್ಣೊರೆಸಿಕೊಂಡು ತಲೆ ಎತ್ತಿದಾಗ, ಮದುವೆಯಾದಾಗಿನಿಂದ ಅವನು ನೋಡಿರದ ಸಿಟ್ಟು ಅಲ್ಲಿತ್ತು.

"ಹದಿನೈದು ದಿನ! ಹದಿನೈದು ದಿನ ನಾ ಹೆದರಿ ಸತ್ತೇನಿ. ನೀವು ಬಾಜೂಕ ಕುಂತು ಚಾ ಕುಡದ್ರಿ."

"ಹೊಲಿಗಿ ಸೊಟ್ಟ ಇತ್ತು..." ಎಂದ ದುಂಡಪ್ಪ. "ನಿನ್ನ ಕಣ್ಣಿಗೆ ಕಾಣವಲ್ದು ಅಂತ ತಿಳದೆ."

"ಕಾಣವಲ್ದು? ನಾನೂ ಟೇಲರನ ಹೆಂಡ್ತಿ. ಅದು ಸೊಟ್ಟ ಹೊಂಟದ್ದು ನನಗ ಕಾಣ್ತಿದ್ದಿಲ್ಲೇನು? ಕಂಡ ಬಿಟ್ಟೇನಿ. ನಲವತ್ತು ವರ್ಷ ಮಂದಿ ಅಂಗಿಗೆ ನೆಟ್ಟಗ ಹೊಲದು ಸಾಕಾಗಿತ್ತು ನನಗ. ಇದೊಂದರಾಗರೆ ಸೂಜಿ ಹೋದಲ್ಲಿ ಹೋಗ್ಲಿ ಅಂತ ಕುಂತಿದ್ದೆ. ಅದೊಂದು ನಂದಿತ್ತು."

ನಲವತ್ತು ವರ್ಷ ಇವಳ ಹೊಲಿಗೆ ನೋಡಿದ್ದೆ, ಹೊಲಿಯುವವಳನ್ನು ನೋಡಿರಲಿಲ್ಲ ಎಂದು ಆಗ ದುಂಡಪ್ಪನಿಗೆ ಅನಿಸಿತು. "ತಪ್ಪಾತು" ಎಂದ. ಆ ಮಾತನ್ನು ಅವನು ಗಿರಾಕಿಗಳಿಗೂ ಹೇಳಿದವನಲ್ಲ. ಹೇಳುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

ಕಾಶವ್ವ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲ ತುಂಬಿಕೊಂಡು ಧಾರವಾಡದ ಬಸ್ಸು ಹತ್ತಿದಳು. ನಾಲ್ಕು ದಿನ ಇದ್ದು ಬಂದಳು. ಬಂದವಳು ಕೈಕಾಲು ತೊಳೆದು, ಊಟ ಮುಗಿಸಿ, ಪಡಸಾಲೆಯಲ್ಲಿ ಕೌದಿ ಹಾಸಿ ಕತ್ತರಿ ಹಿಡಿದು ಕೂತಳು. ದುಂಡಪ್ಪ ಹೊಲಿದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದಳು. ಊರಲ್ಲಿ ಯಾರೂ ಅಷ್ಟು ನೆಟ್ಟಗೆ ಹೊಲಿಯಲಾರರು, ಅಂಥ ಹೊಲಿಗೆ. ತನ್ನ ಕೆಲಸವನ್ನು ಬೇರೆಯವರು ಬಿಚ್ಚಿದರೆ ಹೇಗಿರುತ್ತದೆ ಎಂಬುದು ಅವನಿಗೆ ಆ ವಯಸ್ಸಿನಲ್ಲಿ ಗೊತ್ತಾಯಿತು. ಅವನು ಎದ್ದು ಹೋಗಲಿಲ್ಲ. ಬಿಚ್ಚಿದ ದಾರಗಳನ್ನು ಆರಿಸಿ ಒಂದು ಕಡೆ ಹಾಕುತ್ತ ಕೂತ.

ಸಂಜೆಯ ಹೊತ್ತಿಗೆ ತುಂಡುಗಳೆಲ್ಲ ಸಡಿಲಾದವು. ಅವ್ವನ ಸೀರೆಯ ತುಂಡು ದುಂಡಪ್ಪನ ಕೈಯಲ್ಲಿತ್ತು.

"ಇದನ್ನ ಎಲ್ಲಿ ಇಡಬೇಕು?" ಎಂದು ಕೇಳಿದ. ಬಟ್ಟೆಯ ವಿಷಯದಲ್ಲಿ ಅವನು ಹೆಂಡತಿಯನ್ನು ಕೇಳಿದ್ದು ಅದೇ ಮೊದಲು.

ಕಾಶವ್ವ ಅವನನ್ನು ಒಮ್ಮೆ ನೋಡಿದಳು. ಆಮೇಲೆ ಅಕ್ಕನ ಕುಬಸದ ತುಂಡಿನ ಪಕ್ಕದ ಜಾಗ ತೋರಿಸಿದಳು.

ಅವನು ಇಟ್ಟ. ತುಂಡು ಓರೆಯಾಗಿ ಕೂತಿತು, ಒಂದು ಮೂಲೆ ಮಡಚಿಕೊಂಡಿತು. ಅವನ ಕೈ ತಾನಾಗಿಯೇ ಅದನ್ನು ನೆಟ್ಟಗೆ ಮಾಡಲು ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹೆಂಡತಿಯ ಮುಖ ನೋಡಿದ.

"ಹಿಂಗ ಇರಲೇನು?"

"ಹಿಂಗ ಇರಲಿ" ಎಂದಳು ಕಾಶವ್ವ. ಸೂಜಿಗೆ ದಾರ ಪೋಣಿಸಿದಳು.

ನೀತಿ: ಮನೆಯಲ್ಲಿ ಒಬ್ಬರು ತಮ್ಮ ಖುಷಿಗೆ ಹೊಲಿಯುತ್ತಾರೆ, ಗಿಡ ನೆಡುತ್ತಾರೆ, ಓದುತ್ತಾರೆ. ಆ ಕೆಲಸಕ್ಕೆ ಗಿರಾಕಿ ಇಲ್ಲ, ಪರೀಕ್ಷೆಯೂ ಇಲ್ಲ. ಅದು ಚಂದ ಬರಲಿ ಬಾರದಿರಲಿ, ಅದರಲ್ಲಿ ಅವರ ಮನಸ್ಸು ಇರುತ್ತದೆ. ಕೇಳದೆ ಅದನ್ನು ತಿದ್ದಲು ಹೋಗಬೇಡಿ. ಸೊಟ್ಟಗಿನ ಹೊಲಿಗೆಯನ್ನು ಮತ್ತೆ ಹೊಲಿಯಬಹುದು, ಆದರೆ ತನ್ನ ಮೇಲೆ ತನಗಿದ್ದ ನಂಬಿಕೆ ಬಿಚ್ಚಿಹೋದರೆ ಹೊಲಿಯುವುದು ಬಹಳ ಕಷ್ಟ.